‘ಬದಲಿಸಿ’ ಅನ್ನುವ ಒಂದೇ ಕ್ರಿಯಾಪದ

ಯಂತ್ರಗಳ ಕೈಪಿಡಿಗಳನ್ನು ಅನುವಾದಿಸಿ ಹೊಟ್ಟೆ ಹೊರೆಯುವ ನನ್ನಂಥವರಿಗೆ ಬಾಯಿಪಾಠವಾಗಿರುವ ಕ್ರಿಯಾಪದ ಒಂದೇ: ‘ಬದಲಿಸಿ’. ಪ್ಯಾಕಿಂಗ್ ಹರಿದಿದ್ದರೆ ಬದಲಿಸಿ. ಸ್ಪ್ರಿಂಗ್ ಸಡಿಲವಾಗಿದ್ದರೆ ಬದಲಿಸಿ. ಬಿರುಕು ಕಂಡರಂತೂ ಯೋಚಿಸಲೇಬೇಡಿ, ಅಧಿಕೃತ ಸೇವಾ ಕೇಂದ್ರವನ್ನು ಸಂಪರ್ಕಿಸಿ, ಬದಲಿಸಿ. ಇತ್ತೀಚಿನ ಕೈಪಿಡಿಗಳಲ್ಲಿ ಈ ಪದ ಎಷ್ಟು ಸಲ ಬರುತ್ತದೆಂದರೆ ಅನುವಾದದ ತಂತ್ರಾಂಶವೇ ಅದನ್ನು ತಾನಾಗಿ ತುಂಬಿಕೊಡುತ್ತದೆ. ತುಂಬಿಕೊಟ್ಟ ಪದಕ್ಕೆ ನಮಗೆ ಪೂರ್ತಿ ದರ ಸಿಗುವುದಿಲ್ಲ. ಆ ಲೆಕ್ಕದಲ್ಲಿ ನನಗೆ ‘ಬದಲಿಸಿ’ಯ ಮೇಲೆ ಸ್ವಂತದ ಸಿಟ್ಟೂ ಇದೆ, ಮುಚ್ಚಿಡುವುದಿಲ್ಲ. ಆದರೆ ಈ ಬರಹ ಆ ಸಿಟ್ಟಿನದ್ದಲ್ಲ. ಒಂದು ಕ್ರಿಯಾಪದ ಉಳಿದವನ್ನೆಲ್ಲ ನುಂಗಿಹಾಕಿದಾಗ ಪದಗಳ ಜೊತೆಗೆ ಒಂದು ವಿವೇಚನೆಯೂ ಕಣ್ಮರೆಯಾಗುತ್ತದೆ ಎನ್ನುವುದು ನನ್ನ ವಾದ. ಅದನ್ನು ಒಂದು ಸಣ್ಣ ವಸ್ತುವನ್ನು ಮುಂದಿಟ್ಟುಕೊಂಡೇ ಹೇಳುತ್ತೇನೆ: ಬಿರುಕು ಬಿಟ್ಟ, ಬೀಡಿನ ಒಂದು ಕಾರ್ಬ್ಯುರೇಟರ್.

ಕಾರ್ಬ್ಯುರೇಟರ್ ಎಂದರೆ ಎಂಜಿನ್ನಿನ ಅಡುಗೆಮನೆ. ಗಾಳಿ ಒಂದು ಕಿರಿದಾದ ಗಂಟಲಿನ ಮೂಲಕ ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಆ ಇಳಿದ ಒತ್ತಡವೇ ಪಕ್ಕದ ಬಟ್ಟಲಿನಿಂದ ಪೆಟ್ರೋಲನ್ನು ಸಣ್ಣ ತೂತಿನ ಜೆಟ್ಟಿನ ಮೂಲಕ ಎಳೆದುಕೊಂಡು ಗಾಳಿಗೆ ಬೆರೆಸುತ್ತದೆ. ಬಟ್ಟಲಿನಲ್ಲಿ ತೇಲುವ ಫ್ಲೋಟ್ ಮತ್ತು ಅದರ ತಲೆಯ ಮೇಲಿನ ಸೂಜಿ ಪೆಟ್ರೋಲಿನ ಮಟ್ಟವನ್ನು ಕಾಯುತ್ತವೆ. ಕಂಪ್ಯೂಟರ್ ಇಲ್ಲ, ವಿದ್ಯುತ್ತಿಲ್ಲ. ಬರೀ ಗಾಳಿಯ ಲೆಕ್ಕ. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಮೇಲೆ ನಮ್ಮ ಹೊಸ ದ್ವಿಚಕ್ರ ವಾಹನಗಳೂ ಬಹುತೇಕ ಫ್ಯುಯಲ್ ಇಂಜೆಕ್ಷನ್ನಿಗೆ ಹೊರಳಿದವು. ಅದಕ್ಕೆ ಮೊದಲಿನ ಕಾರ್ಬ್ಯುರೇಟರುಗಳ ಮೈ ಹೆಚ್ಚಾಗಿ ಸತುವಿನ ಅಥವಾ ಅಲ್ಯೂಮಿನಿಯಮ್ಮಿನ ಮಿಶ್ರಲೋಹದ್ದು. ಇನ್ನೂ ಹಿಂದಕ್ಕೆ ಹೋದರೆ, ಪೆಟ್ರೋಲಿನಲ್ಲಿ ಹತ್ತಿಸಿ ಸೀಮೆಎಣ್ಣೆಗೆ ತಿರುಗಿಸುತ್ತಿದ್ದ ಟ್ರ್ಯಾಕ್ಟರುಗಳ, ಬಾವಿಯ ಪಂಪುಗಳ, ಗಾಣಗಳ ಕಾಲದಲ್ಲಿ, ಅಂಗೈಯಲ್ಲಿ ಹಿಡಿದರೆ ಕೈ ಸೋಲುವಷ್ಟು ತೂಕದ ಬೀಡಿನ ಕಾರ್ಬ್ಯುರೇಟರುಗಳು ಸಿಗುತ್ತವೆ. ಪುಣೆಯ ಜೂನಾ ಬಜಾರಿನಲ್ಲಿ ಬುಧವಾರ, ಭಾನುವಾರ ನೆಲದ ಮೇಲೆ ಹರಡಿದ ಗುಜರಿಯಲ್ಲಿ ಹುಡುಕಿದರೆ ಈಗಲೂ ಒಂದೊಂದು ಕಣ್ಣಿಗೆ ಬೀಳುತ್ತದೆ. ಆದರೆ ನಿಮಗೆ ಬೇಕಾದದ್ದೇ ಸಿಗುತ್ತದೆ ಎಂಬ ಭರವಸೆ ಇಲ್ಲ. ‘ಬದಲಿಸಿ’ ಎಂದು ಕೈಪಿಡಿ ಎಷ್ಟೇ ಗಟ್ಟಿಯಾಗಿ ಹೇಳಲಿ, ಬದಲಿಸಲು ಇನ್ನೊಂದು ಲೋಕದಲ್ಲೇ ಇಲ್ಲದಿರಬಹುದು.

‘ಬೀಡು’ ಎಂಬ ಪದದ ಬಗ್ಗೆ ಒಂದು ಮಾತು. ನಾವು ಬೀಡುಕಬ್ಬಿಣ ಎನ್ನುವುದನ್ನು ಮರಾಠಿಯವರು ‘ಬೀಡ’ ಎನ್ನುತ್ತಾರೆ. ದೋಸೆ ಹಂಚಿನಂಥದ್ದು ಅವರ ಬಾಯಲ್ಲಿ ‘ಬಿಡಾಚಾ ತವಾ’. ಗಡಿಯ ಎರಡೂ ಕಡೆಗೆ ಒಂದೇ ಲೋಹ, ಒಂದೇ ಹೆಸರು. ಬೆಳಗಾವಿ ಮತ್ತು ಕೊಲ್ಹಾಪುರ ಇವತ್ತಿಗೂ ದೇಶದ ದೊಡ್ಡ ಎರಕದ ಊರುಗಳು ಎನ್ನುವುದನ್ನು ನೆನೆದರೆ ಇದರಲ್ಲಿ ಅಚ್ಚರಿಯಿಲ್ಲ. ಪುಣೆಯ ಕೈಗಾರಿಕೆಯ ದೊಡ್ಡ ಹೆಸರುಗಳಲ್ಲೊಂದಾದ ಕಿರ್ಲೋಸ್ಕರದ ಬೇರು ಇರುವುದೂ ಬೆಳಗಾವಿಯಲ್ಲೇ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ತೆರೆದದ್ದು ಸೈಕಲ್ ಅಂಗಡಿ. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ, 1910ರಲ್ಲಿ ಕಿರ್ಲೋಸ್ಕರವಾಡಿಗೆ, ಅವರ ಮಗನ ಕಾಲದಲ್ಲಿ 1946ರಲ್ಲಿ ಪುಣೆಯ ಆಯಿಲ್ ಎಂಜಿನ್ ಕಾರ್ಖಾನೆಗೆ: ಹೀಗೆ ಬೆಳೆದ ದಾರಿ ಅದು. ಬೇರೆ ದೇಶದ ಯಂತ್ರವನ್ನು ಬಿಚ್ಚಿ, ನೋಡಿ, ತಿಳಿದು, ಮರಳಿ ಜೋಡಿಸುವ ಕೈಗಳಿಂದಲೇ ಈ ಭಾಗದ ಕೈಗಾರಿಕೆ ಎದ್ದು ನಿಂತಿತು. ಬಿಚ್ಚಬೇಡಿ, ಬದಲಿಸಿ ಎಂಬ ಕೈಪಿಡಿಯನ್ನು ಅಂದಿನವರ ಕೈಗೆ ಕೊಟ್ಟಿದ್ದರೆ ಇಂದಿನ ಪುಣೆ ಇರುತ್ತಿರಲಿಲ್ಲ.

ಇನ್ನು ಬಿರುಕಿಗೆ ಬರೋಣ. ಸಾಸವಡದ ಕಡೆ ತೋಟ ಇರುವ ಪರಿಚಿತರೊಬ್ಬರ ಹತ್ತಿರ ತಯಾರಕರ ಫಲಕ ಸವೆದುಹೋದ ಒಂದು ಹಳೆಯ ಸ್ಥಿರ ಎಂಜಿನ್ ಇದೆ. ಅದರ ಕಾರ್ಬ್ಯುರೇಟರಿನ ಬಟ್ಟಲಿಗೆ, ಪೆಟ್ರೋಲ್ ನಳಿಗೆ ಸೇರುವ ಜಾಗದಲ್ಲಿ, ಒಂದೂವರೆ ಇಂಚು ಉದ್ದದ ಬಿರುಕು. ಅದೇ ಕಾಲದ ಅಮೆರಿಕದ ಟ್ರ್ಯಾಕ್ಟರುಗಳ ದುರಸ್ತಿ ಪುಸ್ತಕವೊಂದರ ನೆರಳಚ್ಚು ಹಾಳೆಗಳು ಅವರಿಗೆ ಎಲ್ಲಿಂದಲೋ ಸಿಕ್ಕಿದ್ದವು. ಅವನ್ನು ಓದಿ ಮಿಸ್ತ್ರಿಗೆ ಅರ್ಥವಾಗುವ ಹಾಗೆ ಹೇಳುವ ಕೆಲಸ ನನ್ನದಾಯಿತು. ಬಿರುಕಿನ ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು: ಚಳಿಗಾಲದಲ್ಲಿ ಬಟ್ಟಲಿನ ತಳದಲ್ಲಿ ನಿಂತ ನೀರು ಹೆಪ್ಪುಗಟ್ಟಿ ಹಿಗ್ಗುವುದು. ನಿಜ, ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಬೀಡಿಗೆ ಅಷ್ಟು ಸಾಕು. ಆದರೆ ಪುಣೆಯ ಡಿಸೆಂಬರಿನಲ್ಲಿ ಶೆಡ್ಡಿನೊಳಗಿನ ನೀರು ಹೆಪ್ಪುಗಟ್ಟುವುದಿಲ್ಲ. ಆ ವಾಕ್ಯ ವ್ಯಾಕರಣದ ದೃಷ್ಟಿಯಿಂದ ಪೂರ್ತಿ ಸರಿ, ಇಲ್ಲಿಯ ಮಟ್ಟಿಗೆ ಪೂರ್ತಿ ನಿರುಪಯೋಗಿ.

ಇಲ್ಲಿ ಬೀಡು ಒಡೆಯುವುದು ಬೇರೆ ಕಾರಣಗಳಿಂದ. ಮೊದಲನೆಯದು ಪಾನಾ, ಅಂದರೆ ಸ್ಪ್ಯಾನರ್. ಪೆಟ್ರೋಲ್ ನಳಿಗೆಯ ಜೋಡಣೆಗೆ ತುದಿ ಸಣ್ಣಗಾಗುತ್ತ ಹೋಗುವ ಆಟೆ ಇರುತ್ತದೆ. ಮರಾಠಿಯ ಈ ಪದವನ್ನೇ ನಮ್ಮ ಮಿಸ್ತ್ರಿಗಳೂ ಬಳಸುತ್ತಾರೆ. ಅದನ್ನು ತಿರುಗಿಸಿದಷ್ಟೂ ಅದು ಸೌದೆಗೆ ಹೊಡೆದ ಬೆಣೆಯಂತೆ ಕೆಲಸ ಮಾಡುತ್ತದೆ. ಸ್ವಲ್ಪ ಸೋರಿತೆಂದು ಒಮ್ಮೆ ಬಿಗಿ, ಮತ್ತೆ ಸೋರಿತೆಂದು ಇನ್ನೊಮ್ಮೆ ಬಿಗಿ. ನಲವತ್ತು ವರ್ಷ ಹೀಗೆ ಬಿಗಿದರೆ ಸುತ್ತಲಿನ ಬೀಡು ಸೀಳುತ್ತದೆ. ಎರಡನೆಯದು, ಬಾಗಿದ ಮುಖ. ಎಂಜಿನ್ನಿಗೆ ಕೂರುವ ಮುಖ ಸಮವಿಲ್ಲದಿದ್ದರೆ ದಪ್ಪ ಪ್ಯಾಕಿಂಗ್ ಹಾಕಿ ಬೋಲ್ಟನ್ನು ಒತ್ತಿ ಬಿಗಿಯುತ್ತಾರೆ; ಬೋಲ್ಟು ಕೂರುವ ಕಿವಿ ಮುರಿಯುತ್ತದೆ. ಬೀಡಿನಲ್ಲಿ 2.5ರಿಂದ 4 ಶೇಕಡಾ ಇಂಗಾಲ ಇರುತ್ತದೆ. ಅದರ ಬಹುಪಾಲು ತೆಳು ಗ್ರಾಫೈಟ್ ಪದರಗಳಾಗಿ ಒಳಗೆ ಚದುರಿರುತ್ತದೆ. ಅದರಿಂದಲೇ ಬೀಡು ಚೆನ್ನಾಗಿ ಎರಕಕ್ಕೆ ಒಗ್ಗುತ್ತದೆ, ನಡುಕವನ್ನು ನುಂಗುತ್ತದೆ; ಅದರಿಂದಲೇ ಬಾಗದೆ ಸಿಡಿಯುತ್ತದೆ. ಬಿರುಕಿಗೆ ಆ ಪದರಗಳೇ ಹಾದಿಯ ಮೈಲುಗಲ್ಲು.

ಭಾಷೆಗಳು ಬಿರುಕನ್ನು ನೋಡುವ ರೀತಿಯೂ ಬೇರೆಬೇರೆ. ಮರಾಠಿಯಲ್ಲಿ ‘ತಡಾ ಗೇಲಾ’, ಬಿರುಕು ‘ಹೋಯಿತು’. ಅದು ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆಗೆ ಸಾಗುವ ಪಯಣಿಗ. ಕನ್ನಡದಲ್ಲಿ ವಸ್ತುವೇ ‘ಬಿರುಕು ಬಿಡುತ್ತದೆ’. ಒಳಗಿದ್ದ ಬಿಗಿಯನ್ನು ತಾನೇ ಹೊರಗೆ ಬಿಟ್ಟಂತೆ. ಎರಡೂ ಮಾತು ಲೋಹಶಾಸ್ತ್ರಕ್ಕೆ ಸಲ್ಲುವಂಥವೇ. ಬಿರುಕಿಗೆ ತುದಿ ಇದೆ, ಅದು ಮುಂದೆ ಹೋಗುತ್ತದೆ ಎಂದು ಮರಾಠಿ ಎಚ್ಚರಿಸುತ್ತದೆ. ಅದರ ಕಾರಣ ಒಳಗಿನ ಬಿಗಿತ ಎಂದು ಕನ್ನಡ ನೆನಪಿಸುತ್ತದೆ. ದುರಸ್ತಿ ಮಾಡುವವರು ಇವೆರಡನ್ನೂ ತಿಳಿದಿರಬೇಕು.

ಭೋಸರಿಯ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಕಂಡ ಬೆಸುಗೆಯ ಕಾಕಾ ತಿಳಿದಿದ್ದರು. ಆಳಂದದ ಕಡೆಯವರು, ಪುಣೆಗೆ ಬಂದು ನಲವತ್ತು ವರ್ಷವಾಗಿದೆ. ನಾನು ಹಾಳೆ ತೆಗೆದು ಓದತೊಡಗಿದೆ. ಒಂದು ಪುಟ ಕೇಳಿದವರು, “ಅದು ಇರಲಿ ಅವ್ವಾ, ಮೊದಲ ಇದು ಬೀಡೋ ಜಸ್ತವೋ ಅದನ್ನ ನೋಡಮು” ಎಂದು ಅಯಸ್ಕಾಂತ ತೆಗೆದರು. ಬೀಡಿಗೆ ಅಯಸ್ಕಾಂತ ಅಂಟುತ್ತದೆ, ಸತುವಿಗೆ ಅಂಟದು. ಸತುವಿನ ಮಿಶ್ರಲೋಹ 400 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮೊದಲೇ ಕರಗುತ್ತದೆ. ಅದನ್ನು ಬೀಡೆಂದು ತಿಳಿದು ಜ್ವಾಲೆ ಹಿಡಿದರೆ ಕೈಯಲ್ಲಿ ಉಳಿಯುವುದು ಒಂದು ಮುದ್ದೆ. ನನ್ನ ಹಾಳೆಗಳಲ್ಲಿ ಈ ಮೊದಲ ಹೆಜ್ಜೆ ಇರಲೇ ಇಲ್ಲ, ಏಕೆಂದರೆ ಬರೆದವರ ಮುಂದೆ ಇದ್ದದ್ದು ಒಂದೇ ಬಗೆಯ ಕಾರ್ಬ್ಯುರೇಟರ್.

ಮುಂದಿನದನ್ನು ಕ್ರಮವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಾದ ಇರುವುದೇ ಈ ಕ್ರಮದಲ್ಲಿ. ಜೆಟ್, ಫ್ಲೋಟ್, ಸೂಜಿ, ಪ್ಯಾಕಿಂಗ್ ಎಲ್ಲ ಬಿಚ್ಚಿ, ಬರಿಯ ಮೈಯನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರು. ಪೆಟ್ರೋಲಿನ ಆವಿ ಉಳಿದ ಬಟ್ಟಲಿಗೆ ಬೆಂಕಿ ತೋರಿಸುವುದು ಸಾವಿನ ಜೊತೆ ಆಟ. ಒಣಗಿದ ಮೇಲೆ ಬಿರುಕಿನ ಮೇಲೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ಉಜ್ಜಿದರು. ಒಳಗೆ ಇಳಿದಿದ್ದ ಎಣ್ಣೆ ಸ್ವಲ್ಪ ಹೊತ್ತಿಗೆ ಬಿಳಿಯ ಮೇಲೆ ಒದ್ದೆಯ ಗೆರೆಯಾಗಿ ಎದ್ದಿತು. ಕಣ್ಣಿಗೆ ಕಂಡದ್ದಕ್ಕಿಂತ ಅರ್ಧ ಇಂಚು ಉದ್ದ! ಆ ನಿಜವಾದ ತುದಿಗಳಲ್ಲಿ ಎರಡು ಸಣ್ಣ ತೂತು ಕೊರೆದರು; ಚೂಪು ತುದಿ ದುಂಡಗಾದರೆ ಬಿರುಕು ಮುಂದೆ ಹೋಗಲು ದಾರಿ ಸಿಗದು. ಬಿರುಕಿನ ಉದ್ದಕ್ಕೂ ಅರದಿಂದ ಕಾಲುವೆ ತೆಗೆದರು. ಗ್ರೈಂಡರ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅದು ಗ್ರಾಫೈಟನ್ನು ಮೇಲ್ಮೈ ಮೇಲೆಲ್ಲ ಬಳಿಯುತ್ತದೆ, ಆಮೇಲೆ ಹಿತ್ತಾಳೆ ಹಿಡಿಯುವುದಿಲ್ಲ.

ನಂತರ ಬೆಂಕಿ. “ಬೀಡು ಅಂದ್ರ ಹಟಮಾರಿ ಅದ ಅವ್ವಾ. ಅವಸರ ಮಾಡಿದ್ರ ಇಲ್ಲಿ ಮುಚ್ಚೂದ್ರಾಗ ಅಲ್ಲಿ ಬಿಡ್ತದ” ಎನ್ನುತ್ತ ಇಡೀ ಮೈಯನ್ನು ಇದ್ದಿಲ ಕೆಂಡದ ಅಂಚಿನಲ್ಲಿಟ್ಟು ನಿಧಾನವಾಗಿ ಕಾಯಿಸಿದರು. ಒಂದೇ ಕಡೆ ಕಾದರೆ ಆ ಭಾಗ ಮಾತ್ರ ಹಿಗ್ಗುತ್ತದೆ. ಆರುವಾಗ ಕುಗ್ಗಿ ಪಕ್ಕವನ್ನು ಎಳೆಯುತ್ತದೆ. ಬೇಗ ಆರಿದರೆ ಬೆಸುಗೆಯ ಅಂಚಿನ ಬೀಡು ಗಾಜಿನಂತೆ ಗಡುಸಾಗಿ ಒಡೆಯುತ್ತದೆ. ಆಮೇಲೆ ಗ್ಯಾಸ್ ಜ್ವಾಲೆಯಲ್ಲಿ ಹಿತ್ತಾಳೆ ಕಡ್ಡಿ ಮತ್ತು ಬಿಳಿಗಾರ. ಅವರು ಮರಾಠಿಯಲ್ಲಿ ಅದನ್ನು ‘ಟಾಕಣಖಾರ’ ಎಂದರು. ಹಿತ್ತಾಳೆ ಸುಮಾರು 900 ಡಿಗ್ರಿಯಲ್ಲಿ ಕರಗುತ್ತದೆ, ಬೀಡಿಗೆ 1150ಕ್ಕೂ ಮೇಲೆ ಬೇಕು. ಹಾಗಾಗಿ ಬೀಡು ಕರಗದೆ ಹಿತ್ತಾಳೆ ಕಾಲುವೆಯಲ್ಲಿ ಹರಿದು ಕಚ್ಚಿಕೊಳ್ಳುತ್ತದೆ. ಮುಗಿದ ಮೇಲೆ ಸುಣ್ಣದ ಪುಡಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟರು. ಮರುದಿನ ದಪ್ಪ ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ ಸಮಮಾಡಿದರು. ಬಟ್ಟಲಿಗೆ ಸೀಮೆಎಣ್ಣೆ ತುಂಬಿ ಹಳೆಯ ಪತ್ರಿಕೆಯ ಮೇಲೆ ಇನ್ನೊಂದು ರಾತ್ರಿ ಇಟ್ಟರು. ಕಾಗದ ಒಣಗಿಯೇ ಇತ್ತು. ಕೊನೆಗೆ ತೋಟದ ಮಾಲೀಕರಿಗೆ ಒಂದು ಮಾತು: “ಇನ್ನು ಮ್ಯಾಲ ಪಾನಾಕ್ಕ ಜೋರ ಕೊಡಬ್ಯಾಡ್ರಿ.”

ಈಗ ಕ್ರಿಯಾಪದಗಳನ್ನು ಎಣಿಸಿ. ಬಿಚ್ಚು, ಕುದಿಸು, ಸವರು, ಒರೆಸು, ಕೊರೆ, ಅರೆ, ಕಾಯಿಸು, ಹರಿಸು, ಹೂಳು, ಆರಿಸು, ಉಜ್ಜು, ತುಂಬು, ಕಾಯು. ಎಲ್ಲವೂ ನಮ್ಮ ಅಡುಗೆಮನೆಯಲ್ಲಿ, ಹೊಲದಲ್ಲಿ ದಿನವೂ ಕೇಳುವ ಪದಗಳು. ಯಂತ್ರದ ಜ್ಞಾನಕ್ಕೆ ಕನ್ನಡದಲ್ಲಿ ಶಬ್ದವಿಲ್ಲ ಎಂಬ ಹಳೆಯ ದೂರು ನಾಮಪದಗಳನ್ನು ಮಾತ್ರ ಎಣಿಸುವವರದು. ಕಾರ್ಬ್ಯುರೇಟರ್, ಜೆಟ್, ಫ್ಲೋಟ್ ಇವುಗಳಿಗೆ ಕನ್ನಡ ಪದ ಕಟ್ಟಲು ಸಮಿತಿ ಕೂರಬೇಕಿಲ್ಲ. ಮಿಸ್ತ್ರಿಗಳ ಬಾಯಲ್ಲಿ ಅವು ಆಗಲೇ ಕನ್ನಡವಾಗಿವೆ. ಇಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ದುಡಿದ ಡಿ. ಎನ್. ಶಂಕರ ಭಟ್ಟರು ಕನ್ನಡದ ಬರಹ ಕನ್ನಡದ್ದೇ ಪದಗಳ ಕಡೆಗೆ ತಿರುಗಬೇಕೆಂದು ಬಹುಕಾಲ ವಾದಿಸಿದರು. ಅವರ ಎಲ್ಲ ಸೂಚನೆಗಳನ್ನೂ ನಾನು ಒಪ್ಪುವುದಿಲ್ಲ. ಆದರೆ ತಂತ್ರಜ್ಞಾನದ ಕನ್ನಡವನ್ನು ಹುಡುಕಬೇಕಾದದ್ದು ಮೊದಲು ಕ್ರಿಯಾಪದಗಳಲ್ಲಿ ಎಂದು ನನಗನ್ನಿಸುತ್ತದೆ. ಜ್ಞಾನ ಕುಳಿತಿರುವುದು ಅಲ್ಲಿ.

ಇದಕ್ಕೆ ಬಲವಾದ ಆಕ್ಷೇಪಣೆ ಒಂದಿದೆ. ಪೆಟ್ರೋಲ್ ಹಿಡಿದಿಡುವ ಬಟ್ಟಲಿನ ದುರಸ್ತಿ ಕೆಟ್ಟರೆ ಎಂಜಿನ್ ಹೊತ್ತಿ ಉರಿಯುತ್ತದೆ. ತಯಾರಕರು ‘ಬದಲಿಸಿ’ ಎನ್ನುವುದು ಬರೀ ಬಿಡಿಭಾಗ ಮಾರುವ ಆಸೆಯಿಂದಲ್ಲ. ಯಾರ ಕೈಗೆ ಪುಸ್ತಕ ಸಿಗುತ್ತದೋ ಅವರ ಕೌಶಲ ಅವರಿಗೆ ಗೊತ್ತಿರುವುದಿಲ್ಲ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎಪಾಕ್ಸಿ ಅಂಟು ಮೆತ್ತಿ ‘ಆಯಿತು’ ಎನ್ನುವವರನ್ನು ನಾನೂ ನೋಡಿದ್ದೇನೆ. ಪೆಟ್ರೋಲಿನಲ್ಲಿ, ಅದರಲ್ಲೂ ಎಥನಾಲ್ ಬೆರೆತ ಪೆಟ್ರೋಲಿನಲ್ಲಿ, ಅಂಥ ಎಷ್ಟೋ ಅಂಟುಗಳು ಮೆತ್ತಗಾಗುತ್ತವೆ.

ಆದರೆ ಈ ಆಕ್ಷೇಪಣೆ ದುರಸ್ತಿಯ ಜ್ಞಾನವನ್ನು ಮುಚ್ಚಿಡುವುದಕ್ಕೆ ಕಾರಣವಲ್ಲ, ಅದನ್ನು ಬರೆದಿಡುವುದಕ್ಕೇ ಕಾರಣ. ಏಕೆಂದರೆ ಆ ಜ್ಞಾನದ ತಿರುಳು ‘ಹೇಗೆ ಸರಿಮಾಡುವುದು’ ಎನ್ನುವುದಕ್ಕಿಂತ ‘ಯಾವುದನ್ನು ಸರಿಮಾಡಬಾರದು’ ಎನ್ನುವುದರಲ್ಲಿದೆ. ಅದೇ ಶೆಡ್ಡಿನಲ್ಲಿ ಅದೇ ದಿನ ಇನ್ನೊಂದು ಕಾರ್ಬ್ಯುರೇಟರನ್ನು ಕಾಕಾ ವಾಪಸ್ ಕಳಿಸಿದರು: ಬಿರುಕು ಸೂಜಿ ಕೂರುವ ಜಾಗವನ್ನು ದಾಟಿತ್ತು. ಅಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬಟ್ಟಲು ತುಂಬಿ ಹರಿಯುತ್ತದೆ. ಥ್ರಾಟಲ್ ದಂಡ ತಿರುಗುವ ತೂತಿಗೆ ಬಿರುಕು ತಗುಲಿದ್ದರೂ ಅವರು ಮುಟ್ಟುವುದಿಲ್ಲವಂತೆ. ಬಟ್ಟಲಿನ ಬಿರುಕು ಹೊರಗೆ ಸೋರುತ್ತದೆ, ಅಪಾಯ ಕಣ್ಣಿಗೆ, ಮೂಗಿಗೆ ಗೊತ್ತಾಗುತ್ತದೆ. ಗಂಟಲಿನ ಬಿರುಕು ಒಳಗೆ ಗಾಳಿ ಎಳೆಯುತ್ತದೆ; ಮಿಶ್ರಣ ತೆಳುವಾಗಿ ಎಂಜಿನ್ ಏರಿಳಿಯುತ್ತ ಓಡುತ್ತದೆ, ಹಿಮ್ಮುಖ ಸಿಡಿಯುತ್ತದೆ, ಅತಿಯಾಗಿ ಕಾಯುತ್ತದೆ, ಕಾರಣ ಮಾತ್ರ ಕಾಣುವುದಿಲ್ಲ. ಈ ಭೇದಗಳನ್ನು ಬಲ್ಲವರು ‘ಬದಲಿಸಿ’ ಎಂದಾಗ ಆ ಪದಕ್ಕೆ ತೂಕವಿರುತ್ತದೆ. ಎಲ್ಲದಕ್ಕೂ ಅದನ್ನೇ ಹೇಳುವ ಕೈಪಿಡಿಯ ‘ಬದಲಿಸಿ’ಗೆ ಅದಿಲ್ಲ. ಕೈಪಿಡಿ ಇಲ್ಲವೆಂದು ಜನ ದುರಸ್ತಿ ನಿಲ್ಲಿಸುವುದಿಲ್ಲ. ಮಿತಿ ತಿಳಿಯದೆ ಮಾಡುತ್ತಾರೆ, ಅಷ್ಟೇ.

ದುರಸ್ತಿಯ ಹಕ್ಕಿನ ಮಾತು ಈಗ ಸರ್ಕಾರದ ಬಾಯಲ್ಲೂ ಇದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕೊಂದು ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆಯಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು ಗುರುತಿಸಿತು. ಅಮೆರಿಕದಲ್ಲಿ ಟ್ರ್ಯಾಕ್ಟರ್ ದುರಸ್ತಿಯ ಹಕ್ಕಿನ ಜಗಳ ಎಷ್ಟು ಬೆಳೆದಿದೆಯೆಂದರೆ 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಡೀರ್ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು. ಆ ಕಂಪನಿಯ ಟ್ರ್ಯಾಕ್ಟರ್ ಕಾರ್ಖಾನೆ ನಮ್ಮ ಪುಣೆಯ ಪಕ್ಕದ ಸಣಸವಾಡಿಯಲ್ಲೂ ಇದೆ. ಹಾಗಾಗಿ ಇದು ದೂರದ ಸುದ್ದಿಯಲ್ಲ. ಆದರೆ ಈ ಚರ್ಚೆಗಳಲ್ಲೆಲ್ಲ ಕೇಳುವುದು ಬಿಡಿಭಾಗ, ಉಪಕರಣ, ತಂತ್ರಾಂಶದ ಕೀಲಿ. ಯಾವ ಭಾಷೆಯಲ್ಲಿ, ಯಾವ ವಿವರದಲ್ಲಿ ದುರಸ್ತಿಯ ವಿಧಾನ ಬರೆದಿರಬೇಕು ಎಂಬ ಪ್ರಶ್ನೆ ಅಂಚಿನಲ್ಲೇ ಉಳಿಯುತ್ತದೆ. ಇಂಡಿಯ ರೈತನ ಕೈಗೆ ಇಂಗ್ಲಿಷ್ ಕೈಪಿಡಿ ಕೊಟ್ಟು ಹಕ್ಕು ಕೊಟ್ಟೆವು ಎನ್ನಲಾಗದು. ‘ಬದಲಿಸಿ’ ಎಂದು ಮಾತ್ರ ಹೇಳುವ ಕನ್ನಡ ಕೈಪಿಡಿ ಕೊಟ್ಟೂ ಹಾಗೆನ್ನಲಾಗದು.

ಹಳೆಯ ಎಂಜಿನ್ ಎಂದರೆ ಹವ್ಯಾಸಿಗಳ ಆಟಿಕೆ, ಅದಕ್ಕೇಕೆ ಇಷ್ಟು ಮಾತು ಎನ್ನುವವರಿಗೆ ಎರಡು ಸಂಗತಿ. 2021ರ ಜುಲೈನ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡಾಗದ ಕಾರು, ಬೈಕುಗಳಿಗೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಅಂದರೆ ಮೂಲ ರೂಪವನ್ನು ಉಳಿಸಿಕೊಂಡದ್ದಕ್ಕೆ ಕಾನೂನೇ ಬೆಲೆ ಕೊಡುತ್ತದೆ; ಉಳಿಸುವ ಕೈಗಳಿಗೆ ಮಾತ್ರ ಎಲ್ಲಿಯೂ ನೋಂದಣಿಯಿಲ್ಲ. ಎರಡನೆಯದು ಇಂಧನ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ 20 ಶೇಕಡಾ ಎಥನಾಲಿನ ಪೆಟ್ರೋಲ್ ಈಗ ದೇಶದ ಬಹುತೇಕ ಬಂಕುಗಳಲ್ಲಿದೆ. ನಮ್ಮ ಕಬ್ಬಿನ ಸೀಮೆಗೆ ಅದರಿಂದ ಲಾಭವಿದೆ, ಅಲ್ಲಗಳೆಯುವುದಿಲ್ಲ. ಆದರೆ ಎಥನಾಲ್ ನೀರನ್ನು ಹೀರುತ್ತದೆ. ನಿಂತ ಎಂಜಿನ್ನಿನ ಬಟ್ಟಲಿನ ತಳದಲ್ಲಿ ಆ ನೀರು ಬೀಡಿಗೆ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರನ್ನು ಹಾಳುಮಾಡುತ್ತದೆ. ಇಂಧನ ಬದಲಾದಾಗ ಲಕ್ಷಗಟ್ಟಲೆ ಹಳೆಯ ಸ್ಕೂಟರು, ಬೈಕು, ಪಂಪುಗಳ ಕಾರ್ಬ್ಯುರೇಟರುಗಳಿಗೆ ಹೊಸ ಆರೈಕೆ ಬೇಕಾಗುತ್ತದೆ. ನಿಲ್ಲಿಸುವ ಮುನ್ನ ಬಟ್ಟಲು ಬರಿದುಮಾಡಿ ಎನ್ನುವಷ್ಟು ಸರಳ ಮಾತನ್ನೂ ಅವುಗಳ ಮಾಲೀಕರಿಗೆ ಅವರ ಭಾಷೆಯಲ್ಲಿ ಬರೆದು ಹೇಳಬೇಕು.

ಹಾಗಾದರೆ ಏನು ಮಾಡಬೇಕು? ನನ್ನ ಕಸುಬಿನೊಳಗಿಂದ ಮೂರು ಮಾತು. ಒಂದು, ಕೈಪಿಡಿಯ ಪ್ರತಿ ‘ಬದಲಿಸಿ’ಯ ಪಕ್ಕದಲ್ಲಿ ಆ ಭಾಗದ ಲೋಹ ಯಾವುದು, ಎಲ್ಲಿಯವರೆಗೆ ದುರಸ್ತಿ ಸಾಧ್ಯ, ಎಲ್ಲಿಂದಾಚೆಗೆ ಇಲ್ಲ ಎಂಬುದನ್ನು ಬರೆಯಬೇಕೆಂದು ನಿಯಮವಾಗಬೇಕು. ಬರೆದದ್ದು ನಮ್ಮ ಭಾಷೆಗಳಲ್ಲೂ ಸಿಗಬೇಕು. ಎರಡು, ಕಾರ್ಯಾಗಾರದ ಮಾತನ್ನು ದಾಖಲಿಸಬೇಕು. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲೇ ಬೇಸಾಯದ ವೃತ್ತಿಪದಗಳನ್ನು ಜಿಲ್ಲೆ ಜಿಲ್ಲೆಯಿಂದ ಕೂಡಿಹಾಕಿ ಕೋಶ ತಂದರು. ಅಂಥ ಕೆಲಸ ಬೆಳಗಾವಿಯ ಫೌಂಡ್ರಿಗಳಲ್ಲಿ, ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ, ಭೋಸರಿಯ ಶೆಡ್ಡುಗಳಲ್ಲಿ ಆಗಬೇಕು, ಅದೂ ಬರೀ ಪದಪಟ್ಟಿಯಾಗಿ ಅಲ್ಲ, ಕೆಲಸದ ಕ್ರಮವಾಗಿ. ಭಾಷಾಶಾಸ್ತ್ರ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಕ್ಷೇತ್ರಕಾರ್ಯ ನನಗೆ ಹೊಳೆಯದು. ಮೂರು, ನಮ್ಮ ಐಟಿಐಗಳಿಗೆ ಇಂಥ ಕಾಕಾಗಳನ್ನು ವಾರಕ್ಕೊಮ್ಮೆಯಾದರೂ ಕರೆಸಿ, ಸಂಭಾವನೆ ಕೊಟ್ಟು ಕಲಿಸಬೇಕು. ಪ್ರಮಾಣಪತ್ರ ಕೇಳಿ ಬಾಗಿಲಲ್ಲೇ ನಿಲ್ಲಿಸಿದರೆ ನಷ್ಟ ನಮ್ಮದೇ.

ಮೂರನೆಯದು ತುರ್ತಿನದು. ಬೀಡನ್ನು ಕಂಡೊಡನೆ ಅರ ಎತ್ತಿಕೊಂಡು ಗ್ರೈಂಡರನ್ನು ಬದಿಗಿಡುವ ತಲೆಮಾರಿಗೆ ಈಗ ಅರವತ್ತು ದಾಟಿದೆ. ಕಾಕಾರ ಮಗ ಕೊರಿಯರ್ ಕಂಪನಿಯಲ್ಲಿದ್ದಾನೆ. ಅವನ ಆಯ್ಕೆಯನ್ನು ತಪ್ಪೆನ್ನಲು ನಾನಾರು? ಕಾರ್ಬ್ಯುರೇಟರ್ ನಾಳೆ ಹೋಗುತ್ತದೆ, ಹೋಗಲಿ. ಬಿರುಕಿನ ನಿಜವಾದ ತುದಿ ಎಲ್ಲಿದೆ ಎಂದು ಸೀಮೆಸುಣ್ಣ ಸವರಿ ಹುಡುಕುವ, ಇದು ಆಗುತ್ತದೆ, ಇದು ಆಗುವುದಿಲ್ಲ ಎಂದು ಹೇಳಬಲ್ಲ ಬುದ್ಧಿ ಮುಂದಿನ ಯಂತ್ರಕ್ಕೂ ಬೇಕು. ಅದನ್ನು ಬದಲಿಸಲು ಬಿಡಿಭಾಗ ಎಲ್ಲೂ ಸಿಗುವುದಿಲ್ಲ.